ಬಡವರ ಮನೆ: ಕಟ್ಟುವವರಿದ್ದಾರೆ, ನೋಡಿಕೊಳ್ಳುವವರು ಯಾರು?

ಮಹಾರಾಷ್ಟ್ರದಲ್ಲಿ ಮನೆ ಮಾರಾಟ ಮಾಡಿಸುವ ದಲ್ಲಾಳಿ ಇಂದು ಪರೀಕ್ಷೆ ಬರೆದು ಪಾಸಾಗಬೇಕು. ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಈ ನಿಯಮ ತಂದಿತು. ತರಬೇತಿ ಪಡೆದು, ಪರೀಕ್ಷೆ ಎದುರಿಸಿ, ಅರ್ಹತಾ ಪ್ರಮಾಣಪತ್ರ ಗಳಿಸದವರು ದಲ್ಲಾಳಿಯಾಗಿ ಮುಂದುವರಿಯುವಂತಿಲ್ಲ. ಕಟ್ಟಡಕ್ಕೆ ವಿದ್ಯುತ್ ತಂತಿ ಎಳೆಯುವವನಿಗೂ ಪರವಾನಗಿ ಬೇಕು. ಆದರೆ ಐನೂರು ಬಡ ಕುಟುಂಬಗಳು ವಾಸಿಸುವ, ಸಾರ್ವಜನಿಕ ಹಣದಲ್ಲಿ ಎದ್ದುನಿಂತ ವಸತಿ ಸಂಕೀರ್ಣವೊಂದನ್ನು ಮೂವತ್ತು ವರ್ಷ ಕಾಪಾಡಿಕೊಂಡು ಬರುವ ಕೆಲಸಕ್ಕೆ ನಮ್ಮ ದೇಶದಲ್ಲಿ ಯಾವ ಅರ್ಹತೆಯೂ ಬೇಕಾಗಿಲ್ಲ. ಸರಿಯಾಗಿ ಹೇಳುವುದಾದರೆ, ಅಂಥದೊಂದು ಕೆಲಸವಿದೆ ಎಂಬುದೇ ನಮ್ಮ ಆಡಳಿತದ ಅರಿವಿಗೆ ಇನ್ನೂ ಬಂದಿಲ್ಲ.

ಮನೆ ಕಟ್ಟುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ನಗರ ವಸತಿ ಕೊರತೆಯನ್ನು ಅಂದಾಜು ಮಾಡಲು ನೇಮಿಸಿದ್ದ ತಾಂತ್ರಿಕ ಸಮಿತಿಯು 2012ರಲ್ಲಿ ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಲೆಕ್ಕ ಹಾಕಿತ್ತು. ಅದರಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಕಡಿಮೆ ವರಮಾನದ ಗುಂಪುಗಳದು. 2005ರ ಡಿಸೆಂಬರ್‌ನಲ್ಲಿ ಆರಂಭವಾದ ನೆಹರೂ ನಗರ ನವೀಕರಣ ಅಭಿಯಾನ, 2015ರ ಜೂನ್‌ನಲ್ಲಿ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ, 2024ರಲ್ಲಿ ಒಂದು ಕೋಟಿ ಕುಟುಂಬಗಳ ಗುರಿಯೊಂದಿಗೆ ಅದರ ಎರಡನೆಯ ಆವೃತ್ತಿ, ಹೀಗೆ ಯೋಜನೆಗಳು ಒಂದರ ಹಿಂದೆ ಒಂದು ಬಂದಿವೆ. ಇವುಗಳಲ್ಲಿ ಬಹುಪಾಲು ಮನೆಗಳು ಫಲಾನುಭವಿಗಳು ತಮ್ಮ ಸ್ವಂತ ನಿವೇಶನದಲ್ಲಿ ತಾವೇ ಕಟ್ಟಿಕೊಂಡಂಥವು. ಅವುಗಳ ಚಿಂತೆ ನಮಗೆ ಬೇಡ. ಸೂರು ಸೋರಿದರೆ ಮನೆಯವರೇ ಹೆಂಚು ಹೊದಿಸುತ್ತಾರೆ. ನನ್ನ ಕಳವಳವಿರುವುದು ಪಾಲುದಾರಿಕೆಯಲ್ಲಿ, ಇಲ್ಲವೇ ಕೊಳೆಗೇರಿ ಇದ್ದ ಜಾಗದಲ್ಲಿಯೇ ಎದ್ದ ಬಹುಮಹಡಿ ಸಂಕೀರ್ಣಗಳ ಬಗ್ಗೆ. ಅಲ್ಲಿ ನೀರಿನ ಸಂಪು ಒಂದೇ, ಪಂಪು ಒಂದೇ, ಮೆಟ್ಟಿಲು ಒಂದೇ, ಶೌಚದ ಕೊಳವೆ ಒಂದೇ. ಎಲ್ಲರದ್ದೂ ಆದದ್ದು ಯಾರದ್ದೂ ಆಗುವುದಿಲ್ಲ.

ಸೇವೆಯಲ್ಲಿದ್ದ ವರ್ಷಗಳಲ್ಲಿ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ವಸತಿ ವಿಷಯ ಬಂದಾಗ ಕೇಳಲಾಗುತ್ತಿದ್ದ ಪ್ರಶ್ನೆಗಳು ಎರಡೇ: ಭೌತಿಕ ಪ್ರಗತಿ ಎಷ್ಟು, ಆರ್ಥಿಕ ಪ್ರಗತಿ ಎಷ್ಟು. ಮಾರ್ಚ್ ತಿಂಗಳು ಹತ್ತಿರವಾದಂತೆ ಎರಡನೆಯದರ ಧ್ವನಿ ಏರುತ್ತಿತ್ತು. ಐದು ವರ್ಷಗಳ ಹಿಂದೆ ಹಸ್ತಾಂತರಿಸಿದ ಮನೆಗಳ ಇಂದಿನ ಸ್ಥಿತಿ ಏನು ಎಂಬ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ. ಕಾಲಂ ಇಲ್ಲದ ವಿಷಯ ಸರ್ಕಾರದಲ್ಲಿ ಅಸ್ತಿತ್ವದಲ್ಲಿರುವುದಿಲ್ಲ ಎಂಬುದು ಕಚೇರಿ ಬಲ್ಲವರಿಗೆಲ್ಲ ತಿಳಿದ ಸಂಗತಿ.

ಇದರ ಪರಿಣಾಮವನ್ನು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದವರಿಗಾಗಿ ನಗರಪಾಲಿಕೆ ಕಟ್ಟಿಸಿದ್ದ ಸುಮಾರು 1,500 ಮನೆಗಳು ಎರಡು ದಶಕ ಬಾಳುವ ಮೊದಲೇ ಶಿಥಿಲವಾದವು. ಕಟ್ಟಡ ಕುಸಿಯಿತು, ಉಳಿದವನ್ನು ಅಪಾಯಕಾರಿ ಎಂದು ಕೆಡವಲಾಯಿತು. ನಿವಾಸಿಗಳು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. 2013ರ ಜನವರಿಯಲ್ಲಿ ಅವರನ್ನು ಅಲ್ಲಿಂದಲೂ ಎಬ್ಬಿಸಲಾಯಿತು. ಆ ಜಾಗಕ್ಕೆ ಖಾಸಗಿ ಸಹಭಾಗಿತ್ವದ ಮಾಲ್ ಮತ್ತು ವಸತಿಯ ಯೋಜನೆ ಸಿದ್ಧವಾಗಿತ್ತು. ಕಳಪೆ ಕಾಮಗಾರಿಯ ಪಾಲು ಎಷ್ಟು, ನಿರ್ವಹಣೆಯ ಅಭಾವದ ಪಾಲು ಎಷ್ಟು ಎಂದು ವಾದಿಸಬಹುದು. ಆದರೆ ಕಟ್ಟಡದಲ್ಲಿ ಮೊದಲ ಬಿರುಕು ಕಂಡ ದಿನ ಅದನ್ನು ದಾಖಲಿಸಿ, ಎಂಜಿನಿಯರನ್ನು ಕರೆಸಿ, ದುರಸ್ತಿಗೆ ಹಣ ಎತ್ತಿಡುವ ಹೊಣೆ ಹೊತ್ತ ವ್ಯಕ್ತಿಯ ಹುದ್ದೆಯನ್ನೇ ನಮ್ಮ ವ್ಯವಸ್ಥೆ ಕಲ್ಪಿಸಿಕೊಂಡಿಲ್ಲ ಎಂಬುದರಲ್ಲಿ ವಾದವಿಲ್ಲ.

ಅಮೆರಿಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿತು. ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ವಸತಿ ಸಮುಚ್ಚಯದ ಹೆಸರನ್ನು ನಗರ ಯೋಜನೆ ಓದಿದವರೆಲ್ಲ ಕೇಳಿರುತ್ತಾರೆ. ಹನ್ನೊಂದು ಮಹಡಿಯ 33 ಕಟ್ಟಡಗಳು, 2,870 ಮನೆಗಳು. ವಿನ್ಯಾಸಕಾರ ಮಿನೊರು ಯಮಸಾಕಿ. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳನ್ನು ಮುಂದೆ ರೂಪಿಸಿದವರೂ ಅವರೇ. 1954ರಲ್ಲಿ ಜನ ವಾಸಕ್ಕೆ ಬಂದರು. 1972ರಲ್ಲಿ ಸರ್ಕಾರವೇ ಸಿಡಿಮದ್ದು ಇಟ್ಟು ಕಟ್ಟಡಗಳನ್ನು ಉರುಳಿಸತೊಡಗಿತು. ವಾಸ್ತುಶಿಲ್ಪದ ವಿಮರ್ಶಕರು ಇದಕ್ಕೆ ಆಧುನಿಕ ವಿನ್ಯಾಸವನ್ನು ದೂಷಿಸಿದರು. ಕೆಲವರು ಬಾಡಿಗೆದಾರರನ್ನೇ ದೂಷಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕಾಣುವ ಕಾರಣ ಇನ್ನೂ ಸರಳವಾದದ್ದು. ಅಂದಿನ ಕಾನೂನಿನಂತೆ ಕಟ್ಟುವ ವೆಚ್ಚವನ್ನು ಒಕ್ಕೂಟ ಸರ್ಕಾರ ಭರಿಸುತ್ತಿತ್ತು. ನಡೆಸುವ ವೆಚ್ಚವೆಲ್ಲ ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ಉದ್ಯೋಗಗಳು ಉಪನಗರಗಳಿಗೆ ಸರಿದವು. ದುಡಿಮೆ ಇದ್ದವರು ಮನೆ ಬಿಟ್ಟು ಹೋದರು. ಬಾಡಿಗೆ ಹುಟ್ಟುವಳಿ ಇಳಿಯಿತು. ಲಿಫ್ಟ್ ಕೆಟ್ಟರೆ ಕೆಟ್ಟಂತೆಯೇ ನಿಂತಿತು. ಅದನ್ನು ಕಂಡು ಇನ್ನಷ್ಟು ಜನ ಹೋದರು. ಕೊರತೆ ತುಂಬಲು ಬಾಡಿಗೆ ಏರಿಸಿದಾಗ 1969ರಲ್ಲಿ ಬಾಡಿಗೆದಾರರು ಮುಷ್ಕರ ಹೂಡಿದರು. ಅದೇ ವರ್ಷ ಸಂಸತ್ತು ಸೆನೆಟರ್ ಎಡ್ವರ್ಡ್ ಬ್ರೂಕ್ ಅವರ ತಿದ್ದುಪಡಿಯ ಮೂಲಕ ಬಾಡಿಗೆಯನ್ನು ಆದಾಯದ ಶೇ 25ಕ್ಕೆ ಮಿತಿಗೊಳಿಸಿತು. ನ್ಯಾಯವಾದ ಕ್ರಮವೇ, ಆದರೆ ಆ ಕಟ್ಟಡಗಳ ಪಾಲಿಗೆ ಬಹಳ ತಡವಾಗಿತ್ತು.

1986ರ ತೆರಿಗೆ ಸುಧಾರಣಾ ಕಾಯ್ದೆಯ ನಂತರ ಅಲ್ಲಿನ ಚಿತ್ರ ಬದಲಾಯಿತು. ಸರ್ಕಾರ ತಾನೇ ಮನೆ ಕಟ್ಟುವುದನ್ನು ಬಹುಮಟ್ಟಿಗೆ ಬಿಟ್ಟು, ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಕಟ್ಟಿಸುವ ಹೂಡಿಕೆದಾರರಿಗೆ ಹತ್ತು ವರ್ಷ ಕಾಲ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡತೊಡಗಿತು. ಈ ರಿಯಾಯಿತಿಗೊಂದು ಕೊಕ್ಕೆ ಇದೆ. ಹದಿನೈದು ವರ್ಷ ಕಾಲ ಬಾಡಿಗೆ ಮಿತಿ, ಬಾಡಿಗೆದಾರರ ಆದಾಯ ಮಿತಿ, ಕಟ್ಟಡದ ಸ್ಥಿತಿ, ಈ ಮೂರೂ ನಿಯಮಕ್ಕೆ ಒಳಪಟ್ಟಿರಬೇಕು. ತಪ್ಪಿದರೆ ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ವಸೂಲು ಮಾಡುತ್ತಾರೆ. 1990ರಿಂದೀಚೆಗೆ ಕಟ್ಟಿದವಕ್ಕೆ ಕಡಿಮೆ ಬಾಡಿಗೆಯ ಬದ್ಧತೆ ಕನಿಷ್ಠ ಮೂವತ್ತು ವರ್ಷ. ಹೀಗಾಗಿ ಹಣ ಹಾಕಿದವರು, ಸಾಲ ಕೊಟ್ಟ ಬ್ಯಾಂಕು, ಕಟ್ಟಿಸಿದ ಸೇವಾಸಂಸ್ಥೆ ಎಲ್ಲರಿಗೂ ಕಟ್ಟಡ ಚೆನ್ನಾಗಿ ಉಳಿಯುವುದರಲ್ಲಿ ಆಸಕ್ತಿ ಹುಟ್ಟಿತು. ಆ ಆಸಕ್ತಿಯೇ ಒಂದು ವೃತ್ತಿಯನ್ನು ಬೆಳೆಸಿತು. ಆ ವೃತ್ತಿನಿರತನನ್ನು ಅಲ್ಲಿ 'ಅಸೆಟ್ ಮ್ಯಾನೇಜರ್' ಎನ್ನುತ್ತಾರೆ. ನಾವು ಆಸ್ತಿ ನಿರ್ವಾಹಕ ಎನ್ನೋಣ.

ಈತ ಬಾಡಿಗೆ ವಸೂಲು ಮಾಡುವವನಲ್ಲ, ನಲ್ಲಿ ರಿಪೇರಿ ಮಾಡಿಸುವವನೂ ಅಲ್ಲ. ಅದಕ್ಕೆ ಸ್ಥಳದಲ್ಲೇ ಇರುವ ವ್ಯವಸ್ಥಾಪಕ ಬೇರೆ. ಆಸ್ತಿ ನಿರ್ವಾಹಕ ಹತ್ತಾರು ಕಟ್ಟಡಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಮುಂದಿನ ಇಪ್ಪತ್ತು ವರ್ಷಗಳನ್ನು ನೋಡುವವನು: ಯಾವ ಕಟ್ಟಡದ ಚಾವಣಿ ಯಾವ ವರ್ಷ ಬದಲಾಗಬೇಕು, ಅದಕ್ಕೆ ನಿಧಿಯಲ್ಲಿ ಎಷ್ಟು ಸೇರಿದೆ, ಸಾಲದ ಕಂತು ಕಟ್ಟಿದ ಮೇಲೆ ಎಷ್ಟು ಉಳಿಯುತ್ತದೆ, ಖಾಲಿ ಬಿದ್ದ ಮನೆಗಳು ಏಕೆ ಖಾಲಿ ಬಿದ್ದಿವೆ, ಬದ್ಧತೆಯ ಅವಧಿ ಮುಗಿದಾಗ ಬಡ ಬಾಡಿಗೆದಾರರ ಗತಿಯೇನು. ಎಂಟರ್‌ಪ್ರೈಸ್, ಲಿಸ್ಕ್, ನೇಬರ್‌ವರ್ಕ್ಸ್ ಎಂಬ ಮೂರು ರಾಷ್ಟ್ರಮಟ್ಟದ ಲಾಭರಹಿತ ಸಂಸ್ಥೆಗಳು ಸೇರಿ ಈ ವೃತ್ತಿಗೆಂದೇ ಒಂದು ಒಕ್ಕೂಟ ಕಟ್ಟಿಕೊಂಡು, ಪ್ರಮಾಣೀಕೃತ ವಸತಿ ಆಸ್ತಿ ನಿರ್ವಾಹಕ ಎಂಬ ಅರ್ಹತೆಯನ್ನು ರೂಪಿಸಿದವು. ಇಂಥ ತರಬೇತಿಯಲ್ಲಿ ನನಗೆ ಬಹಳ ವಿವೇಕದ್ದೆನಿಸಿದ ಸಂಗತಿಯೊಂದಿದೆ. ಕಟ್ಟಿ ಮುಗಿದ ಮನೆಯನ್ನು ನೋಡಿಕೊಳ್ಳುವವನಿಗೆ ಮನೆ ಕಟ್ಟುವ ಪ್ರಕ್ರಿಯೆಯನ್ನೂ ಕಲಿಸುತ್ತಾರೆ. ಜಾಗದ ಆಯ್ಕೆ, ಹಣಕಾಸಿನ ಜೋಡಣೆ, ನಕ್ಷೆ, ಗುತ್ತಿಗೆ ಎಲ್ಲವೂ ಅವನಿಗೆ ತಿಳಿದಿರಬೇಕು. ನಕ್ಷೆಯ ಮೇಲೆ ಚರ್ಚೆ ನಡೆಯುವ ಮೇಜಿನಲ್ಲಿ ಅವನಿಗೊಂದು ಕುರ್ಚಿ ಇರಬೇಕು ಎಂಬುದು ಇದರ ಆಶಯ.

ಈ ಕುರ್ಚಿ ನಮ್ಮಲ್ಲಿ ಇಲ್ಲದಿರುವುದರಿಂದ ಏನಾಗುತ್ತದೆ ಎಂಬುದನ್ನು ಸರ್ಕಾರಿ ವಸತಿಗೃಹಗಳಲ್ಲಿ ವಾಸಿಸಿದ ಯಾರೂ ಹೇಳಬಲ್ಲರು. ಶೌಚಾಲಯದ ಕೊಳವೆಗಳನ್ನು ಎರಡು ಗೋಡೆಗಳ ನಡುವೆ, ಮನುಷ್ಯ ನುಸುಳಲಾರದ ಸಂದಿಯಲ್ಲಿ ಇಳಿಬಿಡುತ್ತಾರೆ. ಹತ್ತು ವರ್ಷದ ನಂತರ ಕೊಳವೆ ಸೋರಿದಾಗ ಗೋಡೆ ಒಡೆಯದೆ ದಾರಿಯಿಲ್ಲ. ಇಡೀ ಬ್ಲಾಕಿಗೆ ಒಂದೇ ನೀರಿನ ಮೀಟರ್ ಇಡುತ್ತಾರೆ. ಬಿಲ್ಲು ಬಂದಾಗ ಕಟ್ಟುವವರು ಮತ್ತು ಕಟ್ಟದವರ ನಡುವೆ ಜಗಳ ಹುಟ್ಟಿ, ಕೊನೆಗೆ ಎಲ್ಲರ ನೀರೂ ನಿಲ್ಲುತ್ತದೆ. ಜಾಗ ಉಳಿಸಲೆಂದು ಮಹಡಿ ಏರಿಸುತ್ತಾರೆ. ಮಹಡಿ ಏರಿದರೆ ಲಿಫ್ಟ್ ಬೇಕು. ಲಿಫ್ಟಿಗೆ ವಿದ್ಯುತ್ ಬಿಲ್ಲು, ವಾರ್ಷಿಕ ನಿರ್ವಹಣಾ ಗುತ್ತಿಗೆ, ಕೊನೆಗೊಂದು ದಿನ ಹೊಸ ಲಿಫ್ಟ್ ಬೇಕು. ಪ್ರತಿ ಮನೆಯ ನಿರ್ಮಾಣ ವೆಚ್ಚ ಎಷ್ಟು ಕಡಿಮೆಯಾಯಿತು ಎಂಬುದು ಟಿಪ್ಪಣಿಯಲ್ಲಿ ದಾಖಲಾಗುತ್ತದೆ. ಪ್ರತಿ ಕುಟುಂಬದ ತಿಂಗಳ ಖರ್ಚು ಎಷ್ಟು ಏರಿತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಒಂದು ಚಿಕ್ಕ ಲೆಕ್ಕ ಮಾಡೋಣ. ನಲವತ್ತು ಮನೆಗಳಿಗೆ ಒಂದು ಲಿಫ್ಟ್, ಇಪ್ಪತ್ತು ವರ್ಷಗಳ ನಂತರ ಅದನ್ನು ಬದಲಿಸಲು 20 ಲಕ್ಷ ರೂಪಾಯಿ ಎಂದುಕೊಳ್ಳಿ. ಮನೆಯೊಂದಕ್ಕೆ 50,000 ರೂಪಾಯಿ. 240 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 208 ರೂಪಾಯಿ. ಠೇವಣಿಯ ಮೇಲಿನ ಬಡ್ಡಿಯೂ ಬೆಲೆಯೇರಿಕೆಯೂ ಹೆಚ್ಚುಕಡಿಮೆ ಸರಿದೂಗುತ್ತವೆ ಎಂದು ಬಿಟ್ಟುಬಿಡೋಣ. ಇದು ಲಿಫ್ಟ್ ಬದಲಿಸುವ ಬಾಬತ್ತು ಮಾತ್ರ. ಅದನ್ನು ಓಡಿಸುವ ಖರ್ಚು ಬೇರೆ, ಪಂಪು, ಚಾವಣಿ, ಬಣ್ಣ, ಕಾವಲು, ಕಸ ಎಲ್ಲ ಬೇರೆ. ಮುಂಬೈಯ ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಕಟ್ಟಡ ನಿರ್ಮಾಪಕರು ಮನೆಯೊಂದಕ್ಕೆ 20,000 ರೂಪಾಯಿಯಂತೆ ನಿರ್ವಹಣಾ ಠೇವಣಿ ಇಡಬೇಕೆಂಬ ನಿಯಮ 1990ರ ದಶಕದಲ್ಲೇ ಬಂತು. ಆ ಮೊತ್ತವನ್ನು ಮುಂದೆ ಏರಿಸಲಾಯಿತು. ದೂರದೃಷ್ಟಿಯ ನಿಯಮವೇ ಸರಿ. ಆದರೆ ಶೇ 6ರ ಬಡ್ಡಿಯಲ್ಲಿ 20,000 ರೂಪಾಯಿ ತರುವುದು ತಿಂಗಳಿಗೆ ನೂರು ರೂಪಾಯಿ. ನೆಲದಲ್ಲಿದ್ದ ಗುಡಿಸಲಿನಿಂದ ಏಳನೆಯ ಮಹಡಿಗೆ ಹೋದ ಕುಟುಂಬಕ್ಕೆ ಉಳಿದದ್ದನ್ನು ಹೊಂದಿಸುವುದು ಸುಲಭವಲ್ಲ. ಅವರಲ್ಲಿ ಹಲವರು ಮನೆಯನ್ನು ಗುಟ್ಟಾಗಿ ಬಾಡಿಗೆಗೆ ಕೊಟ್ಟು ಮತ್ತೆ ಗುಡಿಸಲು ಸೇರಿದಾಗ ನಾವು, ಅಂದರೆ ಪತ್ರಿಕೆ ಓದುವ ವರ್ಗದವರು, ಇವರಿಗೆ ಮನೆ ಕೊಟ್ಟು ಪ್ರಯೋಜನವಿಲ್ಲ ಎಂದು ತೀರ್ಪು ಕೊಡುತ್ತೇವೆ.

ಈ ಲೆಕ್ಕವನ್ನು ಮನೆ ಹಂಚುವ ಮೊದಲೇ ಮಾಡಿ, ಯಾರು ಎಷ್ಟು ಭರಿಸಬೇಕೆಂದು ತೀರ್ಮಾನಿಸಬಹುದಿತ್ತು. ಹಾಗೆ ಮಾಡಲು ಲೆಕ್ಕ ಬಲ್ಲ, ಕಟ್ಟಡ ಬಲ್ಲ, ಜನರನ್ನೂ ಬಲ್ಲ ಒಬ್ಬ ಮನುಷ್ಯ ಬೇಕು. ಈ ಮೂರೂ ನಮ್ಮಲ್ಲಿ ಮೂರು ಇಲಾಖೆಗಳಲ್ಲಿ ಹಂಚಿಹೋಗಿವೆ. ಎಂಜಿನಿಯರು ಕಾಮಗಾರಿ ಮುಗಿಸಿ ಮುಂದಿನ ಕಾಮಗಾರಿಗೆ ಹೋಗುತ್ತಾನೆ. ಲೆಕ್ಕಪತ್ರದವರು ಬಳಕೆ ಪ್ರಮಾಣಪತ್ರ ಕಳಿಸಿ ಕಡತ ಮುಚ್ಚುತ್ತಾರೆ. ಸಮುದಾಯ ಸಂಘಟಕರು ಗುತ್ತಿಗೆ ನೌಕರರಾದ್ದರಿಂದ ಯೋಜನೆ ಮುಗಿದ ದಿನ ಅವರ ನೌಕರಿಯೂ ಮುಗಿಯುತ್ತದೆ.

ವಾಸಿಗಳೇ ಸಂಘ ಕಟ್ಟಿಕೊಂಡು ನೋಡಿಕೊಳ್ಳಲಿ ಎನ್ನುವುದು ಸಾಮಾನ್ಯವಾಗಿ ಬರುವ ಉತ್ತರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಮಾಲೀಕರು ಘೋಷಣಾ ಪತ್ರ ಬರೆದುಕೊಟ್ಟು ಸಂಘ ರಚಿಸಿಕೊಳ್ಳಬಹುದು. ಈ ಲೇಖನ ಓದುತ್ತಿರುವವರಲ್ಲಿ ಅನೇಕರು ಅಪಾರ್ಟ್‌ಮೆಂಟ್ ವಾಸಿಗಳಿರಬಹುದು. ವಕೀಲರು, ಲೆಕ್ಕಪರಿಶೋಧಕರು, ನಿವೃತ್ತ ಎಂಜಿನಿಯರುಗಳು ತುಂಬಿರುವ ಸಂಘಗಳಲ್ಲಿ ವಂತಿಗೆಯ ವಿಷಯಕ್ಕೆ ಎಂಥ ಸಭೆಗಳು ನಡೆಯುತ್ತವೆ ಎಂದು ಅವರಿಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಕೂಲಿಗೆ ಹೊರಟು ರಾತ್ರಿ ಎಂಟಕ್ಕೆ ಮರಳುವವರಿಂದ ಅದಕ್ಕಿಂತ ಉತ್ತಮ ಆಡಳಿತವನ್ನು, ಯಾರ ನೆರವೂ ಇಲ್ಲದೆ, ನಿರೀಕ್ಷಿಸುವುದು ನ್ಯಾಯವೇ? ಇನ್ನು ಅನೇಕ ಕಡೆ ಹಕ್ಕುಪತ್ರವೇ ಕೈಸೇರಿರುವುದಿಲ್ಲ. ಮಾಲೀಕರೇ ಅಲ್ಲದವರ ಮಾಲೀಕರ ಸಂಘಕ್ಕೆ ಕಾನೂನಿನ ಬಲ ಎಲ್ಲಿಂದ ಬರಬೇಕು?

ತಮಿಳುನಾಡು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. 2021ರ ಡಿಸೆಂಬರ್‌ನಲ್ಲಿ ಚೆನ್ನೈನ ತಿರುವೊಟ್ರಿಯೂರಿನಲ್ಲಿ ವಸತಿ ಮಂಡಳಿಯ 24 ಮನೆಗಳ ಕಟ್ಟಡವೊಂದು ಕುಸಿದುಬಿತ್ತು. ಬಿರುಕು ಕಂಡ ನಿವಾಸಿಗಳು ಮೊದಲೇ ಹೊರಬಂದಿದ್ದರಿಂದ ಜೀವಹಾನಿ ಆಗಲಿಲ್ಲ. ಅಲ್ಲಿನ ಮಂಡಳಿಯ ಹೆಸರಿನಲ್ಲಿದ್ದ 'ಕೊಳೆಗೇರಿ ನಿರ್ಮೂಲನೆ' ಎಂಬ ಪದ ಅದೇ ವರ್ಷ ಹೋಗಿ 'ನಗರ ವಾಸಸ್ಥಾನ ಅಭಿವೃದ್ಧಿ' ಎಂದಾಯಿತು. 'ನಮ್ಮ ವಸತಿ, ನಮ್ಮ ಹೊಣೆ' ಎಂಬ ಅರ್ಥದ ಯೋಜನೆಯೊಂದರಡಿ ನಿವಾಸಿಗಳ ಸಂಘಗಳು ನೋಂದಣಿಯಾಗಿ, ಅವರು ಕೂಡಿಸಿದ ವಂತಿಗೆಗೆ ಸರ್ಕಾರವೂ ಪಾಲು ಸೇರಿಸುವ ಏರ್ಪಾಡು ಬಂತು. ಹಣದ ದಾರಿ ಇದು. ಆದರೆ ಆ ಹಣವನ್ನು ಇಪ್ಪತ್ತು ವರ್ಷದ ದೃಷ್ಟಿಯಿಂದ ಬಳಸಬಲ್ಲ ತರಬೇತಾದ ಕೈ ಅಲ್ಲಿಯೂ ಬೇಕು.

ಬ್ರಿಟನ್ನಿನ ಕತೆ ಇನ್ನೂ ಹಳೆಯದು, ಇನ್ನೂ ಹೊಸದು. 1865ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಲಂಡನ್ನಿನ ಮೇರಿಲ್‌ಬೋನ್ ಪ್ರದೇಶದ ಮೂರು ಜೀರ್ಣ ಮನೆಗಳ ಆಡಳಿತ ವಹಿಸಿಕೊಂಡರು. ಹಣ ಹಾಕಿದವರು ಜಾನ್ ರಸ್ಕಿನ್, ಗಾಂಧೀಜಿಯವರ ಮೇಲೆ ಅಳಿಸಲಾರದ ಪ್ರಭಾವ ಬೀರಿದ ಅದೇ ರಸ್ಕಿನ್. ಹೂಡಿಕೆಗೆ ಶೇ 5ರ ಪ್ರತಿಫಲ ಕೊಡಬೇಕು, ಉಳಿದದ್ದನ್ನು ಮನೆಗಳ ದುರಸ್ತಿಗೇ ಬಳಸಬೇಕು ಎಂಬುದು ಕರಾರು. ಆಕೆ ತರಬೇತಿ ಕೊಟ್ಟ ಮಹಿಳೆಯರು ವಾರಕ್ಕೊಮ್ಮೆ ಬಾಡಿಗೆಗೆಂದು ಮನೆಮನೆಗೆ ಹೋಗಿ, ಸೋರಿಕೆ, ಕಾಯಿಲೆ, ನಿರುದ್ಯೋಗ ಎಲ್ಲವನ್ನೂ ಗುರುತು ಹಾಕಿಕೊಂಡು ಬರುತ್ತಿದ್ದರು. ಬಡವರಿಗೆ ಬುದ್ಧಿ ಹೇಳುವ ಉಮೇದು ಆಕೆಗೆ ತುಸು ಹೆಚ್ಚೇ ಇತ್ತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ವಸತಿ ನಿರ್ವಹಣೆ ಒಂದು ವೃತ್ತಿ, ಅದನ್ನು ಕಲಿಯಬೇಕು ಮತ್ತು ಕಲಿಸಬಹುದು ಎಂದು ಮೊದಲು ತೋರಿಸಿಕೊಟ್ಟವರು ಆಕೆ. ಆ ಪರಂಪರೆಯ ಮಹಿಳೆಯರು 1916ರಲ್ಲಿ ಕಟ್ಟಿದ ಸಂಘವೇ ಇಂದಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಹೌಸಿಂಗ್ ಸಂಸ್ಥೆಯ ಬೇರುಗಳಲ್ಲೊಂದು.

ಇಷ್ಟೆಲ್ಲ ಇದ್ದೂ ಅರ್ಹತೆ ಅಲ್ಲಿ ಐಚ್ಛಿಕವಾಗಿಯೇ ಉಳಿದಿತ್ತು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅಲ್ಲಿನ ನಿವಾಸಿಗಳು ಸುರಕ್ಷತೆಯ ಬಗ್ಗೆ ಮೊದಲೇ ಎಚ್ಚರಿಸುತ್ತ ಬಂದಿದ್ದರು. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಊರಿನ ಸಾಮಾಜಿಕ ವಸತಿಯೊಂದರಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಗೋಡೆಯ ಬೂಸ್ಟನ್ನು ದೀರ್ಘಕಾಲ ಉಸಿರಾಡಿದ್ದೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ನಿರ್ಣಯಿಸಿದರು. ತಂದೆ 2017ರಿಂದಲೇ ದೂರು ಕೊಡುತ್ತ ಬಂದಿದ್ದರು. ಬೂಸ್ಟು ಒಂದು ತಾಂತ್ರಿಕ ಸಮಸ್ಯೆ. ಗಾಳಿಯಾಡದ ಸ್ನಾನದ ಮನೆ, ತಣ್ಣನೆಯ ಗೋಡೆ, ಹಿಂಗದ ತೇವ. ಅದನ್ನು ಬಾಡಿಗೆದಾರನ ಜೀವನಶೈಲಿಯ ದೋಷವೆಂದು ತಳ್ಳಿಹಾಕುವುದು ಬಲ್ಲವರು ಮಾಡುವ ಕೆಲಸವಲ್ಲ. ಮರುವರ್ಷ ಜಾರಿಗೆ ಬಂದ 2023ರ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆಯು ವಸತಿ ಸಂಸ್ಥೆಗಳ ಹಿರಿಯ ವ್ಯವಸ್ಥಾಪಕರು ನಿಗದಿತ ವೃತ್ತಿ ಅರ್ಹತೆ ಪಡೆದಿರಲೇಬೇಕು ಇಲ್ಲವೇ ಪಡೆಯುವ ಹಾದಿಯಲ್ಲಿರಬೇಕು ಎಂಬ ಷರತ್ತಿಗೆ ದಾರಿ ಮಾಡಿತು. ಆ ಮಗುವಿನ ಹೆಸರಿನಲ್ಲೇ ಕರೆಯಲಾಗುವ ನಿಯಮಗಳ ಮೊದಲ ಹಂತ 2025ರ ಅಕ್ಟೋಬರ್‌ನಲ್ಲಿ ಜಾರಿಯಾಗಿ, ಅಪಾಯಕಾರಿ ತೇವ ಮತ್ತು ಬೂಸ್ಟಿನ ದೂರುಗಳನ್ನು ಇಂತಿಷ್ಟು ದಿನಗಳಲ್ಲಿ ಪರಿಹರಿಸುವುದು ಕಡ್ಡಾಯವಾಯಿತು. ಹಾಂಗ್‌ಕಾಂಗ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2016ರ ಶಾಸನದ ಅನ್ವಯ ಕಟ್ಟಡ ನಿರ್ವಹಣಾ ಕಂಪನಿಗಳಿಗೂ ಅದರ ಮೇಲ್ವಿಚಾರಕರಿಗೂ 2023ರ ಆಗಸ್ಟ್‌ನಿಂದ ಪರವಾನಗಿ ಕಡ್ಡಾಯ.

ನಮ್ಮಲ್ಲಿ ಈ ಪ್ರಶ್ನೆ ಈಗ ತುರ್ತಿನದಾಗಿರುವುದಕ್ಕೆ ಕಾರಣವಿದೆ. 2020ರ ಕೋವಿಡ್ ಕಾಲದಲ್ಲಿ ವಲಸೆ ಕಾರ್ಮಿಕರು ನಡೆದು ಊರು ಸೇರಿದ್ದನ್ನು ಕಂಡ ಮೇಲೆ ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಹಳೆಯ ಯೋಜನೆಗಳಡಿ ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಮನೆಗಳೇ ಒಂದು ಲಕ್ಷಕ್ಕೂ ಮೇಲಿದ್ದವು. ಅವನ್ನು ದುರಸ್ತಿ ಮಾಡಿ 25 ವರ್ಷಗಳ ಒಪ್ಪಂದದ ಮೇಲೆ ಬಾಡಿಗೆಗೆ ನಡೆಸಬೇಕೆಂಬುದು ಅದರ ಒಂದು ಮಾದರಿ. ಚಂಡೀಗಡದಲ್ಲಿ 2,195 ಮನೆಗಳು ಹೀಗೆ ಬಾಡಿಗೆಗೆ ಬಂದವು, ಸೂರತ್‌ನಲ್ಲಿ ಕೆಲವು ನೂರು. ಮೊದಲ ಎರಡು ಮೂರು ವರ್ಷಗಳಲ್ಲಿ ಒಟ್ಟು ಆರು ಸಾವಿರವನ್ನೂ ಮುಟ್ಟಲಿಲ್ಲ. 2024ರ ಹೊಸ ಆವೃತ್ತಿಯ ನಾಲ್ಕು ಘಟಕಗಳಲ್ಲಿ ಬಾಡಿಗೆ ವಸತಿಯೂ ಒಂದು. ಮನೆ ಹಂಚಿ ಕೈತೊಳೆದುಕೊಳ್ಳುವುದು ಇಲ್ಲಿ ಸಾಧ್ಯವಿಲ್ಲ. ಬಾಡಿಗೆ ಮನೆಗೆ ಒಡೆಯ ಬೇಕು, ಒಡೆಯನಿಗೆ ಗುಮಾಸ್ತ ಬೇಕು, ಗುಮಾಸ್ತನಿಗೆ ವಿದ್ಯೆ ಬೇಕು.

ವಿದ್ಯೆ ಕಲಿಸಲು ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ಹುಡ್ಕೋ ಸಂಸ್ಥೆಯ ತರಬೇತಿ ಅಂಗವೊಂದು ದೆಹಲಿಯಲ್ಲಿ 1985ರಿಂದ ಇದೆ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ. ಆರು ತಿಂಗಳ ಪಠ್ಯಕ್ರಮ ಸಾಕು, ಅದರಲ್ಲಿ ಅರ್ಧ ಕಾಲ ನಿಜವಾದ ಸಂಕೀರ್ಣವೊಂದರಲ್ಲೇ ಕಳೆಯಬೇಕು. ಚಕ್ರಬಡ್ಡಿ ಮತ್ತು ಸವಕಳಿ ನಿಧಿಯ ಲೆಕ್ಕ, ಕಟ್ಟಡದ ಆಯುಷ್ಯ ಪರೀಕ್ಷೆ, ರೇರಾ ಕಾಯ್ದೆಯಲ್ಲಿರುವ ಐದು ವರ್ಷದ ನಿರ್ಮಾಣ ದೋಷದ ಹೊಣೆಯನ್ನು ಗುತ್ತಿಗೆದಾರನ ತಲೆಗೆ ಕಟ್ಟುವ ಬಗೆ, ಬಾಡಿಗೆ ಬಾಕಿ ಬಿದ್ದ ಕುಟುಂಬವನ್ನು ಬೀದಿಗೆ ತಳ್ಳದೆ ವಸೂಲು ಮಾಡುವ ಕ್ರಮ, ಕನ್ನಡದಲ್ಲಿ ಸರಳವಾಗಿ ಲೆಕ್ಕಪತ್ರ ಬರೆದು ಗೋಡೆಗೆ ಅಂಟಿಸುವ ಅಭ್ಯಾಸ. ಕೊನೆಯದು ಕ್ಷುಲ್ಲಕವೆನಿಸಬಹುದು. ವಂತಿಗೆ ನಿಲ್ಲುವುದು ಬಡತನದಿಂದಷ್ಟೇ ಅಲ್ಲ, ಕೊಟ್ಟ ದುಡ್ಡು ಎಲ್ಲಿ ಹೋಯಿತೆಂದು ತಿಳಿಯದಿರುವುದರಿಂದಲೂ. ಸ್ವಸಹಾಯ ಸಂಘಗಳ ಪುಸ್ತಕ ಬರೆದು ಪಳಗಿದ ಸಾವಿರಾರು ಮಹಿಳೆಯರು ನಮ್ಮ ನಗರಗಳಲ್ಲಿದ್ದಾರೆ. ಪದವಿಯ ಷರತ್ತು ಹಾಕಿ ಅವರನ್ನು ಹೊರಗಿಡುವ ತಪ್ಪು ಆಗಕೂಡದು.

ಪ್ರಮಾಣಪತ್ರಗಳ ಬಗ್ಗೆ ಓದುಗರಿಗೆ ಸಂಶಯವಿದ್ದರೆ ಅದು ಸಹಜ. ಕೌಶಲ ತರಬೇತಿಯ ಹೆಸರಿನಲ್ಲಿ ಹಾಜರಿ ಪುಸ್ತಕ ತುಂಬಿ, ಕಾಗದ ಹಂಚಿದ ಪ್ರಸಂಗಗಳು ನಮಗೆ ಹೊಸತೇನಲ್ಲ. ಅರ್ಹತೆ ಕಡ್ಡಾಯ ಮಾಡಿದ ಕೂಡಲೇ ಅದನ್ನು ಮಾರುವ ಅಂಗಡಿಗಳು ತೆರೆಯುತ್ತವೆ. ಅಮೆರಿಕದಲ್ಲಿ ಆ ಪತ್ರಕ್ಕೆ ಬೆಲೆ ಬಂದದ್ದು ಹಣ ಹಾಕಿದವರು ಅದನ್ನು ಕೇಳುವುದರಿಂದ, ನಿಯಮ ತಪ್ಪಿದರೆ ಅವರ ಜೇಬಿಗೆ ನೇರವಾಗಿ ಪೆಟ್ಟು ಬೀಳುವುದರಿಂದ. ನಮ್ಮಲ್ಲಿ ಪೆಟ್ಟು ಬೀಳುವುದು ಏಳನೆಯ ಮಹಡಿಯ ಕುಟುಂಬಕ್ಕೆ. ಯೋಜನೆಗೆ ಸಹಿ ಹಾಕಿದವರು ಅಷ್ಟರಲ್ಲಿ ವರ್ಗವಾಗಿರುತ್ತಾರೆ ಅಥವಾ ನನ್ನಂತೆ ನಿವೃತ್ತರಾಗಿರುತ್ತಾರೆ. ಆದ್ದರಿಂದ ತರಬೇತಿಯ ಜೊತೆಗೆ ಹಣದ ಬಿಡುಗಡೆಯನ್ನೂ ಗಂಟು ಹಾಕಬೇಕು. ಈಗ ಕೊನೆಯ ಕಂತು ಬಿಡುಗಡೆಯಾಗುವುದು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರದ ಮೇಲೆ. ಅದರ ಒಂದು ಸಣ್ಣ ಭಾಗವನ್ನು, ಶೇ 5ರಷ್ಟನ್ನಾದರೂ, ತಡೆಹಿಡಿದು ಸಂಕೀರ್ಣದ ನಿರ್ವಹಣಾ ನಿಧಿಗೆ ಜಮಾ ಮಾಡಬಹುದು. ತರಬೇತಾದ ನಿರ್ವಾಹಕರೊಬ್ಬರು ನೇಮಕವಾಗಿ, ಇಪ್ಪತ್ತು ವರ್ಷದ ದುರಸ್ತಿ ಅಂದಾಜು ಸಲ್ಲಿಕೆಯಾಗಿ, ಮೂರನೆಯ ವರ್ಷ ಮತ್ತು ಐದನೆಯ ವರ್ಷ ಹೊರಗಿನವರಿಂದ ಕಟ್ಟಡದ ತಪಾಸಣೆ ನಡೆದ ಮೇಲಷ್ಟೇ ಅದರ ಬಳಕೆಗೆ ಅನುಮತಿ ಕೊಡಬಹುದು. ಇದಕ್ಕೆ ಹೊಸ ಕಾನೂನು ಬೇಡ. ಯೋಜನಾ ಮಾರ್ಗಸೂಚಿಯಲ್ಲಿ ಒಂದು ಪ್ಯಾರಾ, ಪ್ರಗತಿ ಪರಿಶೀಲನೆಯ ನಮೂನೆಯಲ್ಲಿ ಒಂದು ಕಾಲಂ ಸಾಕು.